ಹಾರ್ಡ್ ಡಿಸ್ಕ್ ಕಾಲ ಮುಗಿಯಿತಾ? ಅದರ ಜಾಗಕ್ಕೆ ಯಾವುದು ಬರುತ್ತದೆ?

ಫೋಟೋರಾಶಿ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಫೋಟೋ, ವಿಡಿಯೋ ಎಲ್ಲ ಸೇರಿ ಸುಮಾರು 6 ಟಿಬಿ ಇದೆ. ಹಳೆಯ ಹಾರ್ಡ್ ಡಿಸ್ಕ್‌ಗಳಲ್ಲಿ ಚದುರಿ ಹೋಗಿದೆ. ಒಂದು ಕಡೆ ಸೇರಿಸಿ ಇಡಬೇಕು ಅಂತಿದ್ದೇನೆ. ಆದರೆ ಯಾರನ್ನು ಕೇಳಿದರೂ ‘ಹಾರ್ಡ್ ಡಿಸ್ಕ್ ಕಾಲ ಹೋಯಿತು, ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಡೇಟಾ ಇಡುವ ಡ್ರೈವ್) ತಗೊಳ್ಳಿ’ ಅನ್ನುತ್ತಾರೆ. ಗಾಜಿನಲ್ಲಿ ಡೇಟಾ ಬರೆದರು, ಡಿಎನ್‌ಎಯಲ್ಲಿ ಬರೆದರು ಅಂತ ಆಗಾಗ ಸುದ್ದಿ ಬೇರೆ ಬರುತ್ತದೆ.

ನನ್ನ ಪ್ರಶ್ನೆ ಇಷ್ಟೇ. ಹಾರ್ಡ್ ಡಿಸ್ಕ್ ನಿಜವಾಗಲೂ ಹೋಗುತ್ತಾ? ಹೋಗುವುದಾದರೆ ಅದರ ಜಾಗಕ್ಕೆ ಏನು ಬರುತ್ತದೆ? ಈಗ ಹೊಸ ಹಾರ್ಡ್ ಡಿಸ್ಕ್ ಕೊಂಡರೆ ದಡ್ಡತನವಾ?

ಚಿಪ್ಪಿನೊಳಗೆ

ಹೋಗುತ್ತಿದೆ. ಅರ್ಧಕ್ಕಿಂತ ಜಾಸ್ತಿ ಆಗಲೇ ಹೋಗಿದೆ.

ಲೆಕ್ಕ ನೋಡಿ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕ್‌ಗೆ ಒಂದು ಸುತ್ತು ಮುಗಿಸಲು 8.3 ಮಿಲಿಸೆಕೆಂಡ್ ಬೇಕು. ಬೇಕಾದ ಸೆಕ್ಟರ್ (ಡೇಟಾ ಇರುವ ತುಣುಕು) ಹೆಡ್ (ಓದುವ, ಬರೆಯುವ ತುದಿ) ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ಹೆಡ್ ಸರಿಯಾದ ಟ್ರ್ಯಾಕ್‌ಗೆ (ಡಿಸ್ಕ್ ಮೇಲಿನ ವೃತ್ತಾಕಾರದ ಸಾಲು) ಹೋಗಬೇಕು, ಅದಕ್ಕೆ ಇನ್ನೊಂದು 8 ಮಿಲಿಸೆಕೆಂಡ್ ಇಟ್ಟುಕೊಳ್ಳಿ. ಅಲ್ಲೊಂದು ಇಲ್ಲೊಂದು ಚಿಕ್ಕ ಫೈಲ್ ಓದುವ ಕೆಲಸ ಕೊಟ್ಟರೆ ಸೆಕೆಂಡಿಗೆ ನೂರರ ಆಸುಪಾಸು ಓದಿದರೆ ಹೆಚ್ಚು. ಎನ್‌ವಿಎಂಇ ಅನ್ನುವ ವೇಗದ ನಮೂನೆಯ ಎಸ್‌ಎಸ್‌ಡಿ ಇದೇ ಕೆಲಸವನ್ನು ಸೆಕೆಂಡಿಗೆ ಲಕ್ಷಗಟ್ಟಲೆ ಮಾಡುತ್ತದೆ. ಸಾಲಾಗಿ ಓದುವಾಗಲೂ ಅಷ್ಟೇ. ಒಳ್ಳೆಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ 270 ಎಂಬಿ, ನಾಲ್ಕನೇ ತಲೆಮಾರಿನ ಪಿಸಿಐಇ (ಕಂಪ್ಯೂಟರ್‌ನೊಳಗಿನ ವೇಗದ ಸಂಪರ್ಕ) ಎಸ್‌ಎಸ್‌ಡಿ 7,000 ಎಂಬಿ.

2010ರಲ್ಲಿ ಜಗತ್ತಿನಲ್ಲಿ ಸುಮಾರು 65 ಕೋಟಿ ಹಾರ್ಡ್ ಡಿಸ್ಕ್ ಮಾರಾಟವಾಗಿತ್ತು. ಈಗ ವರ್ಷಕ್ಕೆ ಅದರ ಕಾಲು ಭಾಗವೂ ಇಲ್ಲ. ಒಂದು ಕಾಲದಲ್ಲಿ ಹತ್ತಾರು ಕಂಪನಿಗಳು ಇದ್ದವು. ಉಳಿದಿರುವುದು ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ ಮೂರೇ. 2024ರ ಕೊನೆಗೆ ಸಾಲಿಡೈಮ್ ಕಂಪನಿ 122.88 ಟಿಬಿಯ ಎಸ್‌ಎಸ್‌ಡಿ ತಂದಿತು. ಎರಡೂವರೆ ಇಂಚಿನ ಡ್ರೈವ್, ಅಂಗೈಯಲ್ಲಿ ಹಿಡಿಸುತ್ತದೆ. ಇಷ್ಟಾದ ಮೇಲೂ ಮೋಟಾರು ತಿರುಗಿಸಿಕೊಂಡು ಕೂರಬೇಕಾ?

ತಿರುಗೋ_ತಟ್ಟೆ

ಚಿಪ್ಪಿನೊಳಗೆ ಅವರು ಕೊಟ್ಟ ಅಂಕಿಗಳೆಲ್ಲ ಸರಿ. ಅದರಿಂದ ತೆಗೆದ ತೀರ್ಮಾನ ಸರಿ ಅನ್ನಿಸುತ್ತಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ.

ಹಾರ್ಡ್ ಡಿಸ್ಕ್ ಎಲ್ಲೆಲ್ಲಿ ಸೋತಿತು ಅಂತ ಸಾಲಾಗಿ ನೋಡಿ. 1999ರಲ್ಲಿ ಐಬಿಎಂ ‘ಮೈಕ್ರೋಡ್ರೈವ್’ ತಂದಿತು, ಒಂದು ಇಂಚಿನ ಡಿಸ್ಕ್, 340 ಎಂಬಿ. ಕ್ಯಾಮೆರಾದೊಳಗೆ ಹೋಗುತ್ತಿತ್ತು. 2001ರ ಮೊದಲ ಐಪಾಡ್‌ನಲ್ಲಿ 1.8 ಇಂಚಿನ 5 ಜಿಬಿ ಡಿಸ್ಕ್ ಇತ್ತು. 2005ರಲ್ಲಿ ಐಪಾಡ್ ನ್ಯಾನೋ ಫ್ಲ್ಯಾಶ್ (ಎಸ್‌ಎಸ್‌ಡಿಯೊಳಗೂ ಇರುವ ಮೆಮೊರಿ ಚಿಪ್) ಹಾಕಿಕೊಂಡು ಬಂದ ಮೇಲೆ ಒಂದು ಇಂಚಿನ ಡಿಸ್ಕ್ ಕಥೆ ಮುಗಿಯಿತು. ಆಮೇಲೆ 1.8 ಇಂಚು ಹೋಯಿತು. ಆಮೇಲೆ ಲ್ಯಾಪ್‌ಟಾಪ್‌ನ ಎರಡೂವರೆ ಇಂಚು. 2020ರಲ್ಲಿ ಗೇಮ್ ಕನ್ಸೋಲ್‌ಗಳೂ ಎಸ್‌ಎಸ್‌ಡಿಗೆ ಹೋದವು. ಇನ್ನೊಂದು ಕಡೆ ಸರ್ವರ್‌ಗಳಲ್ಲಿ ನಿಮಿಷಕ್ಕೆ 15,000 ಸುತ್ತು ತಿರುಗುವ ಡಿಸ್ಕ್‌ಗಳಿದ್ದವು. ವೇಗ ಒಂದೇ ಅವುಗಳ ಬಂಡವಾಳ. ಅದರಲ್ಲೇ ಸೋತು ಅವೂ ಹೋದವು.

ಅಂದರೆ ಫ್ಲ್ಯಾಶ್ ಯಾವಾಗಲೂ ಚಿಕ್ಕದರಿಂದ ಮತ್ತು ವೇಗದ ಕಡೆಯಿಂದ ತಿನ್ನುತ್ತಾ ಬಂದಿದೆ. ಯಾಕೆ?

ಸತ್ತ ಹಾರ್ಡ್ ಡಿಸ್ಕ್ ಒಂದಿದ್ದರೆ ಬಿಚ್ಚಿ ನೋಡಿ. ನಕ್ಷತ್ರದ ಆಕಾರದ ಟಿ8 ಸ್ಕ್ರೂಡ್ರೈವರ್ ಬೇಕು. ಮುಚ್ಚಳದ ಸುತ್ತ ಇರುವ ಸ್ಕ್ರೂ ಎಲ್ಲ ತೆಗೆದರೂ ಮುಚ್ಚಳ ಬರುವುದಿಲ್ಲ. ಲೇಬಲ್ ಕೆಳಗೆ ಇನ್ನೊಂದು ಅಡಗಿರುತ್ತದೆ. ತೆಗೆದರೆ ಮುಖ ಕಾಣುವಷ್ಟು ಹೊಳೆಯುವ ಪ್ಲ್ಯಾಟರ್ (ತಿರುಗುವ ತಟ್ಟೆ), ಪಕ್ಕದಲ್ಲಿ ತೋಳು, ತೋಳಿನ ತುದಿಯಲ್ಲಿ ಕಣ್ಣಿಗೆ ಚುಕ್ಕಿಯಷ್ಟೇ ಕಾಣುವ ಹೆಡ್. ತೋಳಿನ ಹಿಂದುಗಡೆ ಎರಡು ಅಯಸ್ಕಾಂತ. ಬೆರಳು ಸಿಕ್ಕಿಕೊಂಡರೆ ರಕ್ತ ಬರುತ್ತದೆ, ಹುಷಾರು. ಕೆಳಗೆ ಮೋಟಾರು, ಹೊರಗೆ ಎರಕದ ಪೆಟ್ಟಿಗೆ, ಒಂದು ಬೋರ್ಡ್. ಒಂದೇ ಪ್ಲ್ಯಾಟರ್ ಇರಲಿ, ಹತ್ತು ಇರಲಿ, ಈ ಮೋಟಾರು, ತೋಳು, ಪೆಟ್ಟಿಗೆ, ಬೋರ್ಡ್ ಎಲ್ಲ ಇರಲೇಬೇಕು. ಹಾಗಾಗಿ ಹಾರ್ಡ್ ಡಿಸ್ಕ್‌ಗೆ ಒಂದು ಕನಿಷ್ಠ ಖರ್ಚು ಇದ್ದೇ ಇರುತ್ತದೆ. ಎಷ್ಟೇ ಕಡಿಮೆ ಜಾಗ ಕೊಟ್ಟರೂ ಅದಕ್ಕಿಂತ ಅಗ್ಗಕ್ಕೆ ಮಾಡಲು ಬರುವುದಿಲ್ಲ.

ಫ್ಲ್ಯಾಶ್‌ಗೆ ಆ ತಳ ಇಲ್ಲ ಅಂದರೂ ನಡೆಯುತ್ತದೆ. ಕಾಲು ಚಿಪ್ ಸಾಕಾದರೆ ಕಾಲು ಚಿಪ್. ಆದರೆ ಎರಡರಷ್ಟು ಜಾಗ ಬೇಕಾದರೆ ಹೆಚ್ಚು ಕಡಿಮೆ ಎರಡರಷ್ಟು ಸಿಲಿಕಾನ್ ಬೇಕು. ಹಾರ್ಡ್ ಡಿಸ್ಕ್‌ನಲ್ಲಿ ಜಾಗ ಎರಡು ಪಟ್ಟಾದರೆ ಖರ್ಚು ಎರಡು ಪಟ್ಟು ಆಗುವುದಿಲ್ಲ. ಎರಡೂ ಗೆರೆ ಒಂದು ಕಡೆ ಕತ್ತರಿಸುತ್ತವೆ. ಆ ಬಿಂದುವಿನ ಕೆಳಗೆ ಫ್ಲ್ಯಾಶ್ ಗೆಲ್ಲುತ್ತದೆ, ಮೇಲೆ ಡಿಸ್ಕ್ ಗೆಲ್ಲುತ್ತದೆ. ವರ್ಷ ವರ್ಷ ಆ ಬಿಂದು ಮೇಲಕ್ಕೆ ಸರಿಯುತ್ತಿದೆ, ನಿಜ. ಆದರೆ ಡಿಸ್ಕ್ ಕೂಡ ಸುಮ್ನೆ ಕೂತಿಲ್ಲ.

ನನ್ನ ಅಭಿಪ್ರಾಯ ಇದು. ಹಾರ್ಡ್ ಡಿಸ್ಕ್ ಮಾಯವಾಗುವುದಿಲ್ಲ, ನಮ್ಮ ಕಣ್ಣಿಂದ ಮರೆಯಾಗುತ್ತದೆ. ನಮ್ಮ ಮೇಜಿನಿಂದ ಹೋಗಿ ಡೇಟಾ ಸೆಂಟರ್‌ನಲ್ಲಿ ನೆಲೆ ನಿಂತಿದೆ. ನೀವು ಫೋನಿನಿಂದ ‘ಕ್ಲೌಡ್’ಗೆ ಕಳಿಸುವ ಫೋಟೋ ಕೊನೆಗೆ ಹೋಗಿ ಕೂರುವುದು ಬಹುತೇಕ ತಿರುಗುವ ಡಿಸ್ಕ್ ಮೇಲೆಯೇ.

ಹೊಸ_ಕೀಲಿ

ತುಂಬ ಚೆನ್ನಾಗಿ ಬಿಡಿಸಿ ಹೇಳಿದಿರಿ ಸಾರ್. ಒಂದು ಅನುಮಾನ. 122 ಟಿಬಿ ಎಸ್‌ಎಸ್‌ಡಿ ಮಾಡಲು ಆಗುತ್ತದೆ ಅಂದಮೇಲೆ ಡೇಟಾ ಸೆಂಟರ್‌ನವರು ಯಾಕೆ ಎಲ್ಲವನ್ನೂ ಅದಕ್ಕೇ ಬದಲಾಯಿಸುವುದಿಲ್ಲ? ಅವರಿಗೆ ದುಡ್ಡಿನ ಕೊರತೆ ಇಲ್ಲ ಅಲ್ವಾ?

ಸರ್ವರ್_ಸಹವಾಸಿ

ದುಡ್ಡು ಇದ್ದವರೇ ಟಿಬಿಗೆ ಎಷ್ಟು ಬೀಳುತ್ತದೆ ಅಂತ ಎಲ್ಲರಿಗಿಂತ ಜಾಸ್ತಿ ಲೆಕ್ಕ ಹಾಕುತ್ತಾರೆ. ನಾನು ಸ್ಟೋರೇಜ್ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಅಲ್ಲಿ ಎಲ್ಲ ಡೇಟಾವನ್ನೂ ಒಂದೇ ಥರ ನೋಡುವುದಿಲ್ಲ. ಡೇಟಾಬೇಸ್, ವರ್ಚುವಲ್ ಮೆಷಿನ್‌ಗಳು ಎಸ್‌ಎಸ್‌ಡಿ ಮೇಲೆ. ಬರೆದಿಟ್ಟ ಮೇಲೆ ಅಪರೂಪಕ್ಕೆ ಓದುವ ವಿಡಿಯೋ, ಲಾಗ್, ಬ್ಯಾಕಪ್ ಎಲ್ಲ ಹಾರ್ಡ್ ಡಿಸ್ಕ್ ಮೇಲೆ. ವರ್ಷಗಟ್ಟಲೆ ಮುಟ್ಟದೇ ಇರುವುದು ಟೇಪ್ ಮೇಲೆ. ಪ್ರಮಾಣದಲ್ಲಿ ನೋಡಿದರೆ ನಡುವಿನದೇ ಎಲ್ಲಕ್ಕಿಂತ ದೊಡ್ಡದು.

ಒಂದು ಉದಾಹರಣೆ ಕೊಡುತ್ತೇನೆ. 2023ರಲ್ಲಿ ಸರ್ನ್ ಸಂಶೋಧನಾ ಕೇಂದ್ರ ತನ್ನ ಡಿಸ್ಕ್ ಜಾಗ ಒಂದು ಎಕ್ಸಾಬೈಟ್ ದಾಟಿತು ಅಂತ ಹೇಳಿತು. ಅಂದರೆ ಹತ್ತು ಲಕ್ಷ ಟಿಬಿ. ಸುಮಾರು 1,11,000 ಡ್ರೈವ್‌ಗಳು. ಅದರಲ್ಲಿ ಬಹುಪಾಲು ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಪಾಲು ನಿಧಾನಕ್ಕೆ ಏರುತ್ತಿದೆ. ಡ್ರೈವ್ ಒಂದೊಂದೇ ಕೆಡುತ್ತಲೇ ಇರುತ್ತದೆ ಅಂತ ಮೊದಲೇ ಲೆಕ್ಕ ಇಟ್ಟು ಕಟ್ಟಿದ ವ್ಯವಸ್ಥೆ ಅದು.

ಹಾಗಂತ ಡಿಸ್ಕ್‌ಗೆ ತೊಂದರೆ ಇಲ್ಲ ಅಂತಲ್ಲ. ನನ್ನನ್ನು ಚಿಂತೆಗೆ ಹಚ್ಚುವುದು ವೇಗವಲ್ಲ, ಜಾಗಕ್ಕೂ ವೇಗಕ್ಕೂ ಇರುವ ಅಂತರ. ಡಿಸ್ಕ್ ದೊಡ್ಡದಾಗುತ್ತಾ ಹೋಯಿತು. ತೋಳು ಮಾತ್ರ ಒಂದೇ. 4 ಟಿಬಿ ಡಿಸ್ಕ್ ಸೆಕೆಂಡಿಗೆ 120 ಸಲ ಓದಿದರೆ ಒಂದು ಟಿಬಿಗೆ 30 ಸಿಗುತ್ತಿತ್ತು. 30 ಟಿಬಿ ಡಿಸ್ಕ್‌ನಲ್ಲಿ ಟಿಬಿಗೆ ಬರೀ 4. ಒಂದು ಪೆಟ್ಟಿಗೆಯಲ್ಲಿ ಎರಡು ತೋಳು ಹಾಕಿದ ಡ್ರೈವ್‌ಗಳು ಬಂದವು, ಎಲ್ಲ ಕಡೆ ಹರಡಲಿಲ್ಲ.

ಇದು ಜೋರಾಗಿ ಕಾಡುವುದು ರೀಬಿಲ್ಡ್, ಅಂದರೆ ಕೆಟ್ಟ ಡಿಸ್ಕ್‌ನ ಡೇಟಾವನ್ನು ಹೊಸದಕ್ಕೆ ಮತ್ತೆ ಕಟ್ಟುವ ಸಮಯದಲ್ಲಿ. ರೇಯ್ಡ್‌ನಲ್ಲಿ (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ಹಲವು ಡಿಸ್ಕ್ ಸೇರಿಸಿದ ಏರ್ಪಾಡು) ಒಂದು 30 ಟಿಬಿ ಡಿಸ್ಕ್ ಹೋಯಿತು ಅಂದುಕೊಳ್ಳಿ. ಹೊಸದು ಹಾಕಿದಿರಿ. 270 ಎಂಬಿ ವೇಗದಲ್ಲಿ ಒಂದೇ ಸಮ ಬರೆದರೂ ತುಂಬಲು 31 ಗಂಟೆ. ಆದರೆ ಆ ವೇಗ ಸಿಗುವುದು ಪ್ಲ್ಯಾಟರ್‌ನ ಹೊರ ಅಂಚಿನಲ್ಲಿ ಮಾತ್ರ. ಒಳಗಿನ ಟ್ರ್ಯಾಕ್‌ಗಳಿಗೆ ಹೋಗುವಷ್ಟರಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದರ ಮೇಲೆ ಜನ ಆ ಸರ್ವರ್ ಬಳಸುತ್ತಲೂ ಇರುತ್ತಾರೆ. ಮಾನಿಟರ್‌ನಲ್ಲಿ ಶೇಕಡಾ 11, ಊಟ ಮುಗಿಸಿ ಬಂದರೆ 12. ದಿನಗಟ್ಟಲೆ ಹೀಗೇ. ಅಷ್ಟೂ ಹೊತ್ತು ಉಳಿದ ಡಿಸ್ಕ್‌ಗಳು ಏದುಸಿರು ಬಿಡುತ್ತಾ ಓದುತ್ತಿರುತ್ತವೆ, ಆಗಲೇ ಇನ್ನೊಂದು ಕೈಕೊಡುವ ಭಯ. ಅದಕ್ಕೇ ದೊಡ್ಡ ಡಿಸ್ಕ್ ಇದ್ದಲ್ಲಿ ಎರಡು ಡಿಸ್ಕ್ ಹೋದರೂ ತಡೆಯುವ ರೇಯ್ಡ್ 6, ಇಲ್ಲವೇ ಡೇಟಾವನ್ನು ಹಲವು ಸರ್ವರ್‌ಗೆ ಚೂರು ಮಾಡಿ ಹಂಚುವ ಇರೇಶರ್ ಕೋಡಿಂಗ್ ಬಳಸುತ್ತಾರೆ.

ಚಿಪ್ಪಿನೊಳಗೆ

> ತಿರುಗೋ_ತಟ್ಟೆ: ಎರಡರಷ್ಟು ಜಾಗ ಬೇಕಾದರೆ ಎರಡರಷ್ಟು ಸಿಲಿಕಾನ್ ಬೇಕು

ಇದು ಪೂರ್ತಿ ನಿಜವಲ್ಲ. 2013ರಲ್ಲಿ ಸ್ಯಾಮ್‌ಸಂಗ್ ಮೊದಲ ಮೂರು ಆಯಾಮದ ನ್ಯಾಂಡ್ (ಫ್ಲ್ಯಾಶ್ ಚಿಪ್) ಮಾಡಿದಾಗ 24 ಪದರ ಇತ್ತು. ಈಗ 300 ದಾಟಿದೆ. ಅಷ್ಟೇ ಅಗಲದ ಸಿಲಿಕಾನ್ ಮೇಲೆ ಪದರ ಏರಿಸಿಯೇ ಜಾಗ ಹೆಚ್ಚಿಸಿದ್ದು. ಜೊತೆಗೆ ಒಂದು ಸೆಲ್‌ನಲ್ಲಿ (ಚಿಪ್‌ನ ಅತಿ ಚಿಕ್ಕ ಕೋಶ) ಮೊದಲು ಒಂದು ಬಿಟ್ ಇಡುತ್ತಿದ್ದರು. ಈಗ ಕ್ಯೂಎಲ್‌ಸಿ ಅನ್ನುವ ಬಗೆಯಲ್ಲಿ ನಾಲ್ಕು.

ಕರೆಂಟು ಲೆಕ್ಕವೂ ಇದೆ. 122 ಟಿಬಿ ಎಸ್‌ಎಸ್‌ಡಿ ಜೋರಾಗಿ ಕೆಲಸ ಮಾಡುವಾಗ 25 ವ್ಯಾಟ್ ಆಸುಪಾಸು. ಅಷ್ಟೇ ಜಾಗಕ್ಕೆ ನಾಲ್ಕು 30 ಟಿಬಿ ಹಾರ್ಡ್ ಡಿಸ್ಕ್ ಬೇಕು, ಒಂದೊಂದಕ್ಕೆ 9 ವ್ಯಾಟ್ ಅಂದರೂ ಅದಕ್ಕಿಂತ ಜಾಸ್ತಿ. ರ‍್ಯಾಕ್‌ನಲ್ಲಿ ಜಾಗ ಉಳಿಯುತ್ತದೆ, ತಂಪು ಮಾಡುವ ಖರ್ಚು ಉಳಿಯುತ್ತದೆ. ಕೊಳ್ಳುವ ದಿನದ ಬೆಲೆ ಒಂದನ್ನೇ ನೋಡಬೇಡಿ. ಐದಾರು ವರ್ಷ ಓಡಿಸುವ ಖರ್ಚು ಸೇರಿಸಿ ನೋಡಿ. 2023ರಲ್ಲಿ ಪ್ಯೂರ್ ಸ್ಟೋರೇಜ್ ಕಂಪನಿಯವರು 2028ರ ನಂತರ ಹೊಸ ಹಾರ್ಡ್ ಡಿಸ್ಕ್ ಮಾರಾಟವೇ ಇರುವುದಿಲ್ಲ ಅಂದರು. ಇಸವಿ ಹಿಂದೆ ಮುಂದೆ ಆಗಬಹುದು, ದಿಕ್ಕು ಅದೇ.

ತಿರುಗೋ_ತಟ್ಟೆ

ಪ್ಯೂರ್ ಸ್ಟೋರೇಜ್ ಬರೀ ಫ್ಲ್ಯಾಶ್ ಮಾರುವ ಕಂಪನಿ. ಅವರ ಮಾತನ್ನು ಅಷ್ಟಕ್ಕೇ ತೂಗಬೇಕು. ಹಾರ್ಡ್ ಡಿಸ್ಕ್ ಕಂಪನಿ ಹೇಳುವುದನ್ನೂ ಹಾಗೇ.

ಪದರದ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಪದರ ಬಿಟ್ಟಿ ಬರುವುದಿಲ್ಲ. ಅಷ್ಟೂ ಪದರ ಒಂದೊಂದಾಗಿ ಕೂರಿಸಬೇಕು, ಮೇಲಿನಿಂದ ಕೆಳಗಿನವರೆಗೆ ಕೂದಲಿಗಿಂತ ಎಷ್ಟೋ ಸಣ್ಣ ತೂತು ನೇರವಾಗಿ ಕೊರೆಯಬೇಕು. ಆಳವಾದಷ್ಟೂ ತೂತು ವಾಲುತ್ತದೆ. ಅದಕ್ಕೇ ಎರಡು ಮೂರು ಕಂತಿನಲ್ಲಿ ಕಟ್ಟಿ ಒಂದರ ಮೇಲೊಂದು ಜೋಡಿಸುತ್ತಾರೆ. ಕ್ಯೂಎಲ್‌ಸಿಯಲ್ಲಿ ಒಂದು ಸೆಲ್ 16 ಬೇರೆ ಬೇರೆ ವೋಲ್ಟೇಜ್ ಮಟ್ಟವನ್ನು ತಪ್ಪಿಲ್ಲದೆ ಹಿಡಿದಿಡಬೇಕು. ಐದನೇ ಬಿಟ್ ಸೇರಿಸಿದರೆ 32 ಮಟ್ಟ. ಜಾಗ ಸಿಗುವುದು ಶೇಕಡಾ 25 ಜಾಸ್ತಿ, ಆದರೆ ಮಟ್ಟಗಳ ನಡುವಿನ ಅಂತರ ಅರ್ಧ. ಸೆಲ್ ಬೇಗ ಸವೆಯುತ್ತದೆ, ಬರೆಯುವ ವೇಗ ಇಳಿಯುತ್ತದೆ. ಸುಲಭದ ಗಳಿಕೆಯೆಲ್ಲ ಮುಗಿದಿದೆ.

ಇನ್ನು ಡಿಸ್ಕ್ ಕಡೆ ಏನಾಗುತ್ತಿದೆ ನೋಡಿ, ಇದು ನನಗೆ ತುಂಬ ಇಷ್ಟದ ವಿಷಯ. ಬಿಟ್ ಬರೆಯುವ ಕಾಂತೀಯ ಕಣ ಚಿಕ್ಕದಾದಷ್ಟೂ ಜಾಗ ಜಾಸ್ತಿ. ಆದರೆ ತೀರಾ ಚಿಕ್ಕದಾದರೆ ಕೋಣೆಯ ಬಿಸಿಗೇ ಅದರ ದಿಕ್ಕು ತಾನಾಗಿ ತಿರುಗಿಬಿಡುತ್ತದೆ, ಡೇಟಾ ಹೋಯಿತು. ದಿಕ್ಕು ತಿರುಗದಂತಹ ಗಟ್ಟಿ ವಸ್ತು ಹಾಕಿದರೆ ಹೆಡ್‌ನಿಂದ ಬರೆಯಲೂ ಆಗುವುದಿಲ್ಲ. ಈ ಇಕ್ಕಟ್ಟಿನಿಂದ ಹೊರಬರಲು ಹ್ಯಾಮರ್ ಅನ್ನುವ ವಿಧಾನ. ಪ್ಲ್ಯಾಟರ್‌ಗೆ ಕಬ್ಬಿಣ ಮತ್ತು ಪ್ಲಾಟಿನಂ ಮಿಶ್ರಣದ ಲೇಪ. ಹೆಡ್‌ನಲ್ಲೇ ಒಂದು ಚಿಕ್ಕ ಲೇಸರ್. ಬರೆಯುವ ಆ ಒಂದು ಚುಕ್ಕಿಯನ್ನು ಮಾತ್ರ 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸುತ್ತದೆ. ಕಾದಾಗ ಬರೆಯಬಹುದು. ಒಂದೆರಡು ನ್ಯಾನೋಸೆಕೆಂಡ್‌ನಲ್ಲಿ ತಣ್ಣಗಾಗುತ್ತದೆ, ಬರೆದದ್ದು ಗಟ್ಟಿಯಾಗಿ ಕೂರುತ್ತದೆ. ಇದೆಲ್ಲ ನಡೆಯುವುದು ಪ್ಲ್ಯಾಟರ್‌ನಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುವ ಹೆಡ್‌ನಲ್ಲಿ!

2000ರ ದಶಕದ ಶುರುವಿನಿಂದ ‘ಇನ್ನೇನು ಬಂತು’ ಅನ್ನುತ್ತಲೇ ಇದ್ದರು. 2024ರ ಜನವರಿಯಲ್ಲಿ ಸೀಗೇಟ್ ಒಂದು ಪ್ಲ್ಯಾಟರ್‌ಗೆ 3 ಟಿಬಿ ಲೆಕ್ಕದಲ್ಲಿ 30 ಟಿಬಿ ಡ್ರೈವ್ ಪ್ರಕಟಿಸಿತು. 1956ರಲ್ಲಿ ಬಂದ ಐಬಿಎಂನ ಮೊದಲ ಡಿಸ್ಕ್ ರಾಮ್ಯಾಕ್‌ನಲ್ಲಿ 24 ಇಂಚಿನ 50 ಪ್ಲ್ಯಾಟರ್ ಇದ್ದವು, ತೂಕ ಒಂದು ಟನ್ನು, ಹಿಡಿಯುತ್ತಿದ್ದದ್ದು ನಾಲ್ಕು ಎಂಬಿಗೂ ಕಡಿಮೆ. ಈಗಿನ ಒಂದೇ ಒಂದು ಪ್ಲ್ಯಾಟರ್ ಅದರ ಸುಮಾರು 8 ಲಕ್ಷ ಪಟ್ಟು ಹಿಡಿಯುತ್ತದೆ.

ಕಡತ_ಕಾವಲು

ಫ್ಲ್ಯಾಶ್ ಒಂದೇ ಅಲ್ಲ, ಬೇರೆ ಹೊಸ ತಂತ್ರಜ್ಞಾನಗಳ ಬಗ್ಗೆಯೂ ಕೇಳಿದ್ದರು ಅಲ್ವಾ? ನಾನು ಹಳೆಯ ದಾಖಲೆಗಳನ್ನು ಕಾಪಾಡುವ ಕೆಲಸ ಮಾಡುವವಳು, ಇವುಗಳ ಬೆನ್ನು ಹತ್ತಿಯೇ ಇರುತ್ತೇನೆ.

‘ಹಾರ್ಡ್ ಡಿಸ್ಕ್ ಕಥೆ ಮುಗಿಯಿತು’ ಅಂತ ಹೇಳುವುದು ಹೊಸದೇನಲ್ಲ. 1970ರ ದಶಕದ ಕೊನೆಯಲ್ಲಿ ಬಬಲ್ ಮೆಮೊರಿ ಬಂತು. ತಿರುಗುವ ಭಾಗ ಇಲ್ಲ, ಕರೆಂಟು ಹೋದರೂ ಡೇಟಾ ಉಳಿಯುತ್ತದೆ. ಡಿಸ್ಕ್ ಜಾಗಕ್ಕೆ ಇದೇ ಅಂತ ದೊಡ್ಡ ಕಂಪನಿಗಳೇ ನಂಬಿದ್ದವು. ಡಿಸ್ಕ್ ಅದಕ್ಕಿಂತ ಬೇಗ ಅಗ್ಗವಾಯಿತು, ಬಬಲ್ ಮೂಲೆ ಸೇರಿತು. ಆಮೇಲೆ ಹೋಲೋಗ್ರಾಫಿಕ್ ಡಿಸ್ಕ್ ಬರುತ್ತದೆ ಅಂದರು. ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ.

ನನಗೆ ಎಲ್ಲಕ್ಕಿಂತ ಬೇಸರ ತಂದದ್ದು ಆಪ್ಟೇನ್. 2015ರಲ್ಲಿ ಇಂಟೆಲ್ ಮತ್ತು ಮೈಕ್ರಾನ್ ಸೇರಿ 3ಡಿ ಎಕ್ಸ್‌ಪಾಯಿಂಟ್ ಅನ್ನುವ ಹೊಸ ಮೆಮೊರಿ ಪ್ರಕಟಿಸಿದವು. ಇಂಟೆಲ್ ಅದನ್ನು ಮಾರಿದ ಹೆಸರೇ ಆಪ್ಟೇನ್. ಫ್ಲ್ಯಾಶ್‌ಗಿಂತ ಎಷ್ಟೋ ಬೇಗ ಉತ್ತರ ಕೊಡುತ್ತಿತ್ತು, ಬೇಗ ಸವೆಯುತ್ತಿರಲಿಲ್ಲ. ವಸ್ತು ನಿಜವಾಗಲೂ ಚೆನ್ನಾಗಿತ್ತು. ಆದರೂ 2021ರಲ್ಲಿ ಮೈಕ್ರಾನ್ ಕೈಬಿಟ್ಟಿತು, 2022ರಲ್ಲಿ ಇಂಟೆಲ್ ಮುಚ್ಚಿತು. ಅಗ್ಗವಾಗಬೇಕಾದರೆ ಕೋಟಿಗಟ್ಟಲೆ ತಯಾರಾಗಬೇಕು. ಕೋಟಿಗಟ್ಟಲೆ ಮಾರಾಟವಾಗಬೇಕಾದರೆ ಮೊದಲು ಅಗ್ಗವಾಗಬೇಕು. ಈ ಸುಳಿಯಿಂದ ಅದು ಹೊರಗೆ ಬರಲೇ ಇಲ್ಲ. ಫ್ಲ್ಯಾಶ್‌ಗೆ ಕ್ಯಾಮೆರಾ ಇತ್ತು, ಎಂಪಿ3 ಪ್ಲೇಯರ್ ಇತ್ತು, ಫೋನು ಇತ್ತು. ದಾರಿಯುದ್ದಕ್ಕೂ ಕೊಳ್ಳುವವರು ಸಿಕ್ಕರು. ಹೊಸದಾಗಿ ಬರುವವಕ್ಕೆ ಆ ಭಾಗ್ಯ ಇಲ್ಲ.

ಈಗ ಗಾಜು. ಮೈಕ್ರೋಸಾಫ್ಟ್‌ನವರ ಪ್ರಾಜೆಕ್ಟ್ ಸಿಲಿಕಾ 2019ರಲ್ಲಿ 7.5 ಸೆಂ.ಮೀ. ಚೌಕದ, 2 ಮಿ.ಮೀ. ದಪ್ಪದ ಗಾಜಿನ ತುಂಡಿನಲ್ಲಿ ಒಂದು ಇಡೀ ಸಿನಿಮಾ ಬರೆದು ತೋರಿಸಿತು, 75.6 ಜಿಬಿ. ಲೇಸರ್‌ನಿಂದ ಗಾಜಿನ ಒಳಗೇ ಗುರುತು ಕೆತ್ತುತ್ತಾರೆ, ಮೈಕ್ರೋಸ್ಕೋಪ್‌ನಿಂದ ಓದುತ್ತಾರೆ. ಕುದಿಸಿದರೂ, ಅಯಸ್ಕಾಂತ ಹಿಡಿದರೂ ಏನೂ ಆಗುವುದಿಲ್ಲ. ಆದರೆ ಒಮ್ಮೆ ಬರೆದರೆ ಅಳಿಸಲು ಬರುವುದಿಲ್ಲ, ಬರೆಯುವುದೂ ನಿಧಾನ. ಡಿಎನ್‌ಎ ಇನ್ನೂ ನಿಧಾನ. 2019ರಲ್ಲಿ ಮೈಕ್ರೋಸಾಫ್ಟ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿ ಮನುಷ್ಯರ ಕೈ ಇಲ್ಲದೆ ಡಿಎನ್‌ಎಗೆ ಬರೆದು ವಾಪಸ್ ಓದುವ ಯಂತ್ರ ಮಾಡಿದರು. ‘ಹಲೋ’ ಅನ್ನುವ ಐದಕ್ಷರದ ಇಂಗ್ಲಿಷ್ ಪದಕ್ಕೆ ಹಿಡಿದದ್ದು 21 ಗಂಟೆ.

ಹಾಗಾಗಿ ಇವೆರಡೂ ಹಾರ್ಡ್ ಡಿಸ್ಕ್‌ಗೆ ಪೈಪೋಟಿ ಅಲ್ಲ. ಯಾವುದಕ್ಕಾದರೂ ಪೈಪೋಟಿ ಅಂದರೆ ಅದು ಟೇಪ್‌ಗೆ.

ಹೊಸ_ಕೀಲಿ

ಟೇಪ್ ಅಂದರೆ ಕ್ಯಾಸೆಟ್ ಥರದ್ದಾ? ಅದು ಇನ್ನೂ ಇದೆಯಾ?

ಕಡತ_ಕಾವಲು

ಇದೆ, ಬೆಳೆಯುತ್ತಲೂ ಇದೆ. 2021ರಲ್ಲಿ ಬಂದ ಎಲ್‌ಟಿಒ-9 (ಎಲ್‌ಟಿಒ ಅನ್ನುವ ಟೇಪ್ ಮಾದರಿಯ ಒಂಬತ್ತನೇ ತಲೆಮಾರು) ಕಾರ್ಟ್ರಿಜ್ ಒಂದರಲ್ಲಿ 18 ಟಿಬಿ. 2025ರ ಎಲ್‌ಟಿಒ-10ರಲ್ಲಿ 30 ಟಿಬಿ. ಕಪಾಟಿನಲ್ಲಿ ಇರುವಾಗ ಕರೆಂಟು ಬೇಕಿಲ್ಲ. ಆಗ ಯಾವ ವೈರಸ್‌ನ ಕೈಗೂ ಸಿಗುವುದಿಲ್ಲ. 2011ರಲ್ಲಿ ಸಾಫ್ಟ್‌ವೇರ್ ದೋಷದಿಂದ ಕೆಲವರ ಜಿಮೇಲ್ ಪೆಟ್ಟಿಗೆ ಪೂರ್ತಿ ಖಾಲಿಯಾಗಿತ್ತು. ಬೇರೆ ಬೇರೆ ಡೇಟಾ ಸೆಂಟರ್‌ಗಳಲ್ಲಿದ್ದ ನಕಲುಗಳಿಗೂ ಏಟು ಬಿದ್ದಿತ್ತು. ಗೂಗಲ್ ಅವನ್ನು ವಾಪಸ್ ತಂದದ್ದು ಟೇಪ್‌ನಿಂದ.

ಆದರೆ ಮನೆಯವರಿಗೆ ಹೇಳಿದ್ದಲ್ಲ. ಟೇಪ್ ಅಗ್ಗ, ಓದುವ ಯಂತ್ರ ದುಬಾರಿ. ಇನ್ನೊಂದು ಮಾತು: ಎಲ್‌ಟಿಒ-10 ಯಂತ್ರ ಹಿಂದಿನ ಎಲ್‌ಟಿಒ-9 ಟೇಪನ್ನೂ ಓದುವುದಿಲ್ಲ. ವಸ್ತು 30 ವರ್ಷ ಬಾಳಿದರೆ ಸಾಲದು, ಅದನ್ನು ಓದುವ ಯಂತ್ರವೂ ಬಾಳಬೇಕು. ಗಾಜಿಗೂ ಡಿಎನ್‌ಎಗೂ ಕೇಳಬೇಕಾದ ಪ್ರಶ್ನೆ ಇದೇ.

ಬಿಟ್ಟುಬೈಟು

ಎಲ್ಲರೂ ದೊಡ್ಡ ದೊಡ್ಡ ಡೇಟಾ ಸೆಂಟರ್ ಮಾತಾಡುತ್ತಿದ್ದೀರಿ. ಮನೆಯವರಿಗೆ ಮುಖ್ಯವಾದ ಒಂದು ವಿಷಯ ಬಿಟ್ಟೇ ಹೋಗಿದೆ. ಎಸ್‌ಎಸ್‌ಡಿಯನ್ನು ಕರೆಂಟು ಕೊಡದೆ ಕಪಾಟಿನಲ್ಲಿ ಇಟ್ಟರೆ ಡೇಟಾ ನಿಧಾನಕ್ಕೆ ಸೋರಿ ಹೋಗುತ್ತದೆ. ಒಂದೇ ವರ್ಷ ಅಂತ ಓದಿದ್ದೇನೆ. ಇದು ನಿಜವೇ?

ಚಿಪ್ಪಿನೊಳಗೆ

ಅರ್ಧ ನಿಜ. ಜೆಡೆಕ್ (ಚಿಪ್ ಉದ್ಯಮಕ್ಕೆ ಮಾನದಂಡ ರೂಪಿಸುವ ಸಂಸ್ಥೆ) ಮಾನದಂಡದಲ್ಲಿ ಒಂದು ವರ್ಷ ಅನ್ನುವ ಮಾತು ಇದೆ. ಆದರೆ ಅದು ಯಾವ ಎಸ್‌ಎಸ್‌ಡಿಗೆ? ಬರೆಯುವ ಆಯಸ್ಸನ್ನು ಪೂರ್ತಿ ಮುಗಿಸಿದ ಎಸ್‌ಎಸ್‌ಡಿಗೆ. ಅಷ್ಟು ಸವೆದದ್ದನ್ನೂ 30 ಡಿಗ್ರಿಯಲ್ಲಿ ಕರೆಂಟಿಲ್ಲದೆ ಇಟ್ಟರೆ ವರ್ಷವಾದರೂ ಡೇಟಾ ಉಳಿಯಬೇಕು ಅನ್ನುವುದು ನಿಯಮ. ಸರ್ವರ್ ದರ್ಜೆಯವಕ್ಕೆ 40 ಡಿಗ್ರಿಯಲ್ಲಿ ಮೂರು ತಿಂಗಳು. ಹೊಸ ಎಸ್‌ಎಸ್‌ಡಿಗೆ ಒಮ್ಮೆ ತುಂಬಿ ಇಟ್ಟರೆ ಅದಕ್ಕಿಂತ ಎಷ್ಟೋ ಜಾಸ್ತಿ ಕಾಲ ಇರುತ್ತದೆ.

ಹಾಗಿದ್ದರೂ ಮೂಲ ಮಾತು ಸರಿ. ಸೆಲ್‌ನಲ್ಲಿ ಹಿಡಿದಿಟ್ಟ ಎಲೆಕ್ಟ್ರಾನ್‌ಗಳು ನಿಧಾನಕ್ಕೆ ಸೋರುತ್ತವೆ, ಬಿಸಿ ಜಾಸ್ತಿ ಇದ್ದರೆ ಬೇಗ ಸೋರುತ್ತವೆ. 16 ಮಟ್ಟದ ಕ್ಯೂಎಲ್‌ಸಿಯಲ್ಲಿ ಸ್ವಲ್ಪ ಸೋರಿದರೂ ಪಕ್ಕದ ಮಟ್ಟಕ್ಕೆ ಇಳಿದುಬಿಡುತ್ತದೆ. ದಿನ ಬಳಸುವ ಡ್ರೈವ್ ಆಗಿದ್ದರೆ ಕಂಟ್ರೋಲರ್ (ಡ್ರೈವ್ ನಡೆಸುವ ಚಿಪ್) ಇದನ್ನು ಗಮನಿಸಿ ತಾನೇ ಮತ್ತೆ ಬರೆದುಕೊಳ್ಳುತ್ತದೆ. ಕಪಾಟಿನಲ್ಲಿ ಅದೂ ಮಲಗಿರುತ್ತದೆ. ಮಡಗಿ ಮರೆಯುವ ಕೆಲಸಕ್ಕೆ ಫ್ಲ್ಯಾಶ್ ಬೇಡ. ಅದರಲ್ಲೂ ಪೆನ್‌ಡ್ರೈವ್ ಅಂತೂ ಬೇಡವೇ ಬೇಡ. ಅದರೊಳಗೆ ಯಾವ ಗುಣಮಟ್ಟದ ಚಿಪ್ ಇರುತ್ತದೆ ಅಂತ ಕೊಳ್ಳುವವರಿಗೆ ಗೊತ್ತಾಗುವುದೇ ಇಲ್ಲ.

ಸರ್ವರ್_ಸಹವಾಸಿ

ಕೆಡುವ ರೀತಿಯಲ್ಲೂ ವ್ಯತ್ಯಾಸ ಇದೆ. ಹಾರ್ಡ್ ಡಿಸ್ಕ್ ಬಹಳ ಸಲ ಮೊದಲೇ ಸೂಚನೆ ಕೊಡುತ್ತದೆ. ಕಟಕಟ ಸದ್ದು, ಕಾಪಿ ಮಾಡುವಾಗ ನಡುವೆ ನಿಲ್ಲುವುದು, ಸ್ಮಾರ್ಟ್ ವರದಿಯಲ್ಲಿ (ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ವರದಿ) 5 ಮತ್ತು 197ನೇ ಸಾಲಿನ ಅಂಕಿ ಏರುವುದು. ಮೊದಲನೆಯದು ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್, ಎರಡನೆಯದು ಓದಲು ಆಗದೆ ಬಾಕಿ ಉಳಿದ ಸೆಕ್ಟರ್. ಸೊನ್ನೆ ಇರಬೇಕಾದದ್ದು ದಿನ ದಿನ ಏರುತ್ತಿದ್ದರೆ ಆ ಡಿಸ್ಕ್ ಮೇಲಿನ ನಂಬಿಕೆ ಬಿಡಿ. ಎಸ್‌ಎಸ್‌ಡಿ ಕಂಟ್ರೋಲರ್ ಹೋದರೆ ನಿನ್ನೆ ಚೆನ್ನಾಗಿದ್ದದ್ದು ಇವತ್ತು ಪತ್ತೆಯೇ ಇರುವುದಿಲ್ಲ. ಅಳಿಸಿದ ಫೈಲ್ ವಾಪಸ್ ತರುವುದೂ ಟ್ರಿಮ್ (ಅಳಿಸಿದ ಫೈಲ್‌ನ ಜಾಗವನ್ನು ಖಾಲಿ ಮಾಡಿಸುವ ಏರ್ಪಾಡು) ಚಾಲೂ ಇರುವ ಎಸ್‌ಎಸ್‌ಡಿಯಲ್ಲಿ ಹೆಚ್ಚು ಕಡಿಮೆ ಆಗದ ಮಾತು.

ಬ್ಯಾಕ್‌ಬ್ಲೇಜ್ ಅನ್ನುವ ಬ್ಯಾಕಪ್ ಕಂಪನಿ 2013ರಿಂದ ತನ್ನ ಡ್ರೈವ್‌ಗಳು ಎಷ್ಟು ಕೆಡುತ್ತವೆ ಅಂತ ಪ್ರಕಟಿಸುತ್ತಾ ಬಂದಿದೆ. ಈಚಿನ ವರ್ಷಗಳಲ್ಲಿ ಹಾರ್ಡ್ ಡಿಸ್ಕ್ ಕೆಡುವ ಪ್ರಮಾಣ ವರ್ಷಕ್ಕೆ ಶೇಕಡಾ ಒಂದೂವರೆ ಆಸುಪಾಸು. ಕೊಳ್ಳುವ ಮುಂಚೆ ಮಾಡೆಲ್ ಹೆಸರು ಹಾಕಿ ನೋಡಿ. ಒಂದೇ ಕಂಪನಿಯಲ್ಲೂ ಮಾಡೆಲ್‌ನಿಂದ ಮಾಡೆಲ್‌ಗೆ ತುಂಬ ವ್ಯತ್ಯಾಸ ಇರುತ್ತದೆ.

ಫೋಟೋರಾಶಿ

ಎಲ್ಲರಿಗೂ ತುಂಬ ಧನ್ಯವಾದ. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಹಾಗಾದರೆ ನನ್ನ 6 ಟಿಬಿಗೆ ಹಾರ್ಡ್ ಡಿಸ್ಕೇ ಸರಿ ಅಂತಾಯಿತು. ಯಾವುದನ್ನ ನೋಡಿಕೊಳ್ಳಬೇಕು?

ತಿರುಗೋ_ತಟ್ಟೆ

ಮೂರೂವರೆ ಇಂಚಿನ ಎರಡು ಡಿಸ್ಕ್ ತಗೊಳ್ಳಿ, ಒಂದೇ ದೊಡ್ಡದು ಬೇಡ. 8 ಟಿಬಿ ಸಾಕಾಗಬಹುದು, ಮುಂದೆಯೂ ಫೋಟೋ ತೆಗೆಯುತ್ತಲೇ ಇರುತ್ತೀರಿ ಅಂದರೆ 12 ನೋಡಿ. ಒಂದು ಮನೆಯಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ. ಮೂರನೆಯ ಪ್ರತಿ ಕ್ಲೌಡ್‌ನಲ್ಲಿ ಇಡಲು ಆದರೆ ಇನ್ನೂ ನಿಶ್ಚಿಂತೆ.

ಕೊಳ್ಳುವಾಗ ನೋಡಬೇಕಾದದ್ದು ಸಿಎಂಆರ್ ಅಥವಾ ಎಸ್‌ಎಂಆರ್ ಅನ್ನುವುದು, ಇವು ಟ್ರ್ಯಾಕ್ ಬರೆಯುವ ಎರಡು ರೀತಿ. ಸಿಎಂಆರ್‌ನಲ್ಲಿ ಟ್ರ್ಯಾಕ್‌ಗಳು ಪಕ್ಕಪಕ್ಕದಲ್ಲಿ ಇರುತ್ತವೆ. ಎಸ್‌ಎಂಆರ್‌ನಲ್ಲಿ ಟ್ರ್ಯಾಕ್‌ಗಳನ್ನು ಚಾವಣಿಯ ಹೆಂಚಿನ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಬರೆಯುತ್ತಾರೆ. ಜಾಗ ಉಳಿಯುತ್ತದೆ, ಓದಲು ತೊಂದರೆ ಇಲ್ಲ. ಆದರೆ ನಡುವಿನ ಒಂದನ್ನು ಬದಲಾಯಿಸಬೇಕಾದರೆ ಅದರ ಮೇಲೆ ಕೂತವನ್ನೂ ಮತ್ತೆ ಬರೆಯಬೇಕು. ಹೀಗೆ ಒಟ್ಟಿಗೆ ಬರೆಯಬೇಕಾದ ಒಂದು ವಲಯ ಸಾಮಾನ್ಯವಾಗಿ 256 ಎಂಬಿ. ಫೋಟೋ ಒಮ್ಮೆ ಬರೆದು ಇಡಲು ಪರವಾಗಿಲ್ಲ. ನ್ಯಾಸ್‌ನಲ್ಲಿ (ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ), ರೇಯ್ಡ್‌ನಲ್ಲಿ ಹಾಕಿದರೆ ರೀಬಿಲ್ಡ್ ಮುಗಿಯುವುದೇ ಇಲ್ಲ ಅನ್ನಿಸಿಬಿಡುತ್ತದೆ. 2020ರಲ್ಲಿ ನ್ಯಾಸ್‌ಗೆ ಅಂತ ಮಾರುವ ಡ್ರೈವ್‌ಗಳಲ್ಲೂ ಹೇಳದೆ ಎಸ್‌ಎಂಆರ್ ಹಾಕಿದ್ದು ಹೊರಬಂದು ದೊಡ್ಡ ಗಲಾಟೆ ಆಗಿತ್ತು. ಈಗ ಕಂಪನಿಗಳು ಪಟ್ಟಿ ಹಾಕುತ್ತವೆ, ಮಾಡೆಲ್ ನಂಬರ್ ಹಿಡಿದು ನೋಡಿ. ಎರಡೂವರೆ ಇಂಚಿನ ದೊಡ್ಡ ಎಕ್ಸ್‌ಟರ್ನಲ್‌ಗಳು ಬಹುಪಾಲು ಎಸ್‌ಎಂಆರ್.

ಫೋಟೋ ಎಡಿಟ್ ಮಾಡುವ ಕಂಪ್ಯೂಟರ್‌ನೊಳಗೆ ಮಾತ್ರ ಎಸ್‌ಎಸ್‌ಡಿ ಇರಲಿ. ಅದರಲ್ಲಿ ಚಿಪ್ಪಿನೊಳಗೆ ಅವರ ಮಾತಿಗೆ ನನ್ನ ತಕರಾರಿಲ್ಲ.

ಚಿಪ್ಪಿನೊಳಗೆ

ಈ ಸಲಹೆ ಸರಿ. ಇವತ್ತು 6 ಟಿಬಿ ಮಡಗಿ ಇಡಲು ನಾನೂ ಡಿಸ್ಕೇ ಹೇಳುತ್ತಿದ್ದೆ. ಹತ್ತು ವರ್ಷದ ಮೇಲೆ ಇದೇ ಉತ್ತರ ಇರುತ್ತದೆ ಅಂತ ಮಾತ್ರ ಒಪ್ಪುವುದಿಲ್ಲ. 1 ಟಿಬಿಗೆ ಎಸ್‌ಎಸ್‌ಡಿ ದುಬಾರಿ ಅನ್ನುತ್ತಿದ್ದ ಕಾಲ ಹೋಯಿತು. ಆ ಗೆರೆ 6 ಟಿಬಿಗೂ ಬಂದೇ ಬರುತ್ತದೆ.

ತಿರುಗೋ_ತಟ್ಟೆ

6 ಟಿಬಿಗೆ ಬರುತ್ತದೆ, ಒಪ್ಪಿದೆ. ಅಷ್ಟರಲ್ಲಿ ಫೋಟೋರಾಶಿ ಅವರ ರಾಶಿ 20 ಟಿಬಿ ಆಗಿರುತ್ತದೆ.

ಕಡತ_ಕಾವಲು

ಕಾಪಿ ಮಾಡಿದ ಮೇಲೆ ಹಳೆಯ ಡಿಸ್ಕ್‌ಗಳನ್ನು ತಕ್ಷಣ ಅಳಿಸಬೇಡಿ. ಎಲ್ಲ ಫೈಲ್‌ಗಳ ಚೆಕ್‌ಸಮ್ (ಫೈಲ್ ಸ್ವಲ್ಪ ಬದಲಾದರೂ ಬದಲಾಗುವ ಗುರುತಿನ ಸಂಖ್ಯೆ) ಪಟ್ಟಿ ಮಾಡಿ ಎರಡೂ ಪ್ರತಿಯಲ್ಲಿ ಇಡಿ. ಅದಕ್ಕೆ ಎಸ್‌ಎಚ್‌ಎ-256 ಅನ್ನುವ ವಿಧಾನ ಸಾಕು, ಬಿಟ್ಟಿ ಸಾಫ್ಟ್‌ವೇರ್ ಬೇಕಾದಷ್ಟಿವೆ. ವರ್ಷಕ್ಕೊಮ್ಮೆ ಎರಡೂ ಡಿಸ್ಕ್ ಜೋಡಿಸಿ, ಪಟ್ಟಿಗೆ ತಾಳೆ ನೋಡಿ. ಒಂದರಲ್ಲಿ ಯಾವುದೋ ಫೋಟೋ ಕೆಟ್ಟಿದ್ದರೆ ಯಾವ ಪ್ರತಿ ಸರಿ ಇದೆ ಅಂತ ಆ ಪಟ್ಟಿಯೇ ಹೇಳುತ್ತದೆ, ಇನ್ನೊಂದರಿಂದ ತಂದು ಹಾಕಿಕೊಳ್ಳಬಹುದು. ಡಿಸ್ಕ್‌ನ ಮೋಟಾರಿಗೂ ಆಗಾಗ ತಿರುಗಿದರೆ ಒಳ್ಳೆಯದು.

ಫೋಟೋರಾಶಿ

ಮಾಡುತ್ತೇನೆ. ಕೊನೆಯದಾಗಿ ಒಂದು. 12 ಟಿಬಿ ಡಿಸ್ಕ್‌ಗಳಲ್ಲಿ ಹೀಲಿಯಂ ತುಂಬಿರುತ್ತಾರೆ ಅಂತ ನೋಡಿದೆ. ಕಪಾಟಿನಲ್ಲಿ ಇಟ್ಟರೆ ಸೋರಿ ಹೋಗುವುದಿಲ್ಲವಾ?

ಸರ್ವರ್_ಸಹವಾಸಿ

ಹೀಲಿಯಂ ಗಾಳಿಗಿಂತ ಏಳು ಪಟ್ಟು ಹಗುರ, ಪ್ಲ್ಯಾಟರ್ ತಿರುಗುವಾಗ ಅಲುಗಾಟ ಕಡಿಮೆ. ಅದಕ್ಕೇ ತೆಳು ಪ್ಲ್ಯಾಟರ್ ಜಾಸ್ತಿ ತುಂಬಲು ಆಗುವುದು. 2013ರಿಂದ ಮಾರುಕಟ್ಟೆಯಲ್ಲಿವೆ. ಮುಚ್ಚಳವನ್ನು ಲೇಸರ್‌ನಿಂದ ಬೆಸುಗೆ ಹಾಕಿರುತ್ತಾರೆ, ಮಾಮೂಲಿ ಡಿಸ್ಕ್‌ನಲ್ಲಿ ಇರುವ ಗಾಳಿ ತೂತು ಇರುವುದಿಲ್ಲ. ಕೆಲವು ಮಾಡೆಲ್‌ಗಳಲ್ಲಿ ಸ್ಮಾರ್ಟ್ ವರದಿಯ 22ನೇ ಸಾಲು ಹೀಲಿಯಂ ಮಟ್ಟ ತೋರಿಸುತ್ತದೆ. ಚೆನ್ನಾಗಿದ್ದರೆ 100 ಇರುತ್ತದೆ. ವರ್ಷಕ್ಕೊಮ್ಮೆ ಚೆಕ್‌ಸಮ್ ತಾಳೆ ನೋಡುವಾಗ ಅದನ್ನೂ ನೋಡಿಕೊಳ್ಳಿ. ಇಳಿಯುತ್ತಿದ್ದರೆ ವಾರಂಟಿ ಇರುವಾಗಲೇ ಬದಲಾಯಿಸಿಕೊಳ್ಳಿ.